ಒಂದು ವಾರ ಮುಂದಕ್ಕೆ

ಅತ್ತಿಗೆ ಕಾಲರ್ ತಿರುವುತ್ತಿದ್ದಳು, ನಾನು ದಾರ ಕತ್ತರಿಸುತ್ತಿದ್ದೆ. ಒಳಮುಖವಾಗಿ ಹೊಲಿದ ಕಾಲರನ್ನು ಹೊರಮುಖಕ್ಕೆ ತಿರುವಿ, ಮೂಲೆಯನ್ನು ಮೊಂಡು ಕಡ್ಡಿಯಿಂದ ಚೂಪಾಗಿ ಎಬ್ಬಿಸಿ, ಹೆಬ್ಬೆರಳಿನಲ್ಲಿ ಒತ್ತಿ ನನ್ನ ಕಡೆ ಸರಿಸುವುದು ಅವಳ ಕೆಲಸ. ತುದಿಯಲ್ಲಿ ನೇತಾಡುವ ದಾರ ಕತ್ತರಿಸಿ ಹತ್ತತ್ತರ ಕಟ್ಟು ಕಟ್ಟುವುದು ನನ್ನದು. ಆಗಲೇ ಆರು ಕಟ್ಟು ಮುಗಿದಿತ್ತು. ನಾವಿಬ್ಬರೂ ಆಸ್ಪತ್ರೆಯಿಂದ ಬಂದು ಒಂದು ಗಂಟೆಯಾಗಿತ್ತು. ಆಸ್ಪತ್ರೆಯ ಚೀಟಿ ಅವಳ ಮಷಿನ್ ಮೇಲೆ ಬಾಬಿನ್ ಡಬ್ಬಿಯ ಕೆಳಗಿತ್ತು. ಮನೆಯವರೆಲ್ಲರ ಕಣ್ಣೂ ಅದರ ಮೇಲೆ ಹಾದುಹೋಗಿತ್ತು. ಯಾರೂ ಏನೂ ಕೇಳಿರಲಿಲ್ಲ.

ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿ ಬಾಗಿಲಿಗೆ ಅಡ್ಡವಾಗಿ ಅಪ್ಪ ಬಟ್ಟೆ ಕತ್ತರಿಸುವ ಮೇಜು, ಗೋಡೆಗುಂಟ ನಾಲ್ಕು ಮಷಿನ್, ಹಿಂದೆ ಎರಡು ಸಣ್ಣ ಕೋಣೆ, ಅದರ ಹಿಂದೆ ಅಡುಗೆಮನೆ. ಶಾಲೆಗಳ ಯೂನಿಫಾರ್ಮೇ ನಮ್ಮ ಅನ್ನ. ಅಪ್ಪ ಕತ್ತರಿಸುತ್ತಾನೆ, ಅಣ್ಣ ತೋಳು ಕೂರಿಸುತ್ತಾನೆ, ಅಮ್ಮ ಅಂಚು ಮಡಿಸಿ ಹೊಲಿಯುತ್ತಾಳೆ. ಎಂಟನೇ ಕ್ಲಾಸು ಬಿಟ್ಟಾಗಿನಿಂದ ಕಾಜಾ, ಗುಂಡಿ ನನ್ನವು. ಕಾಲರ್ ಮಾತ್ರ ಅತ್ತಿಗೆಯದು. ಬೇರೆಯವರು ಕೂರಿಸಿದರೆ ಒಂದು ಕಡೆ ಎದ್ದು ನಿಲ್ಲುತ್ತದೆ.

ಗಿರಾಕಿಗಳ ಜೊತೆ ಮಾತು ಅಣ್ಣನದು. ಬಂದವರಿಗೆಲ್ಲ ಅವನು ಹೇಳುವುದು ಒಂದೇ: “ಬರೋ ವಾರ ಬನ್ನಿ.” ಬಟ್ಟೆ ಆಗಿದ್ದರೂ ಸರಿ, ಕತ್ತರಿಯೇ ಬೀಳದಿದ್ದರೂ ಸರಿ. ಅಪ್ಪನೂ ತನ್ನ ಕಾಲದಲ್ಲಿ ಹಾಗೇ ಹೇಳುತ್ತಿದ್ದನಂತೆ.

ಊಟಕ್ಕೆ ಕೂತಾಗ ಅಮ್ಮ ಅತ್ತಿಗೆಯ ತಟ್ಟೆಗೆ ಎರಡನೇ ಮೊಟ್ಟೆ ಹಾಕುತ್ತಾ ಕೇಳಿದಳು. “ಏನಂದ್ರು ಡಾಕ್ಟ್ರಮ್ಮ?”

“ಎರಡು ದಾರಿ ಇದೆ ಅಂದ್ರು ಅತ್ತೆ. ಮೂವತ್ತೆಂಟು ವಾರ ತುಂಬಿದ ಮೇಲೆ ಔಷಧ ಕೊಟ್ಟು ನೋವು ಬರಿಸೋದು ಒಂದು. ಇಲ್ಲ, ದಿನ ಗೊತ್ತು ಮಾಡಿ ಆಪರೇಷನ್ ಮಾಡೋದು. ಯಾವುದು ಅಂತ ನಾನೇ ಹೇಳ್ಬೇಕಂತೆ.”

“ಅದರಲ್ಲಿ ಹೇಳೋದೇನು? ಮಗು ತಿರುಗಿದೆ, ಬಿಪಿ ಇಲ್ಲ, ಶುಗರ್ ಇಲ್ಲ. ಬರೋ ದಾರೀಲಿ ಬರುತ್ತೆ ಬಿಡು. ನಾನು ಇವನನ್ನ ಹೆತ್ತು ಹನ್ನೆರಡನೇ ದಿನಕ್ಕೆ ಮಷಿನ್ ತುಳಿದಿದ್ದೀನಿ.”

“ತುಳಿದೆ. ಆಮೇಲೆ ಒಂದು ವಾರ ಜ್ವರ ಅಂತ ಮಲಗಿದ್ದೆ,” ಅಂದ ಅಪ್ಪ.

“ನಿಮ್ಮನ್ನ ಯಾರಾದ್ರೂ ಕೇಳಿದ್ರಾ?”

ಅಪ್ಪ ತಟ್ಟೆಯ ಕಡೆ ತಿರುಗಿದ. ಅಣ್ಣ ನೀರು ಕುಡಿದು, “ಆಪರೇಷನ್ ಅಂದ್ರೆ ಎಷ್ಟು ದಿನ ಮಲಗ್ಬೇಕು?” ಅಂದ.

“ಮಲಗೋದೇನಿಲ್ಲ. ಆದ್ರೆ ಆರು ವಾರ ಭಾರ ಎತ್ತಬಾರದು, ಮಷಿನ್ ತುಳಿಯಬಾರದು ಅಂದ್ರು.”

“ಆರು ವಾರ!” ಅಂದರು ಅಮ್ಮ, ಅಣ್ಣ ಒಟ್ಟಿಗೇ.

ಆಸ್ಪತ್ರೆಯಲ್ಲಿ ನಾನೂ ಅವಳ ಪಕ್ಕದಲ್ಲೇ ಕೂತಿದ್ದೆ. ಡಾಕ್ಟ್ರಮ್ಮ ಯಾವ ಕಡೆಗೂ ಎಳೆಯಲಿಲ್ಲ. ಆಪರೇಷನ್ ಆದರೆ ಗಾಯ ಮಾಯಬೇಕು, ಮುಂದಿನ ಬಸಿರಿನಲ್ಲೂ ಅದನ್ನು ನೆನಪಿಟ್ಟುಕೊಳ್ಳಬೇಕು ಅಂದರು. ಹೆರಿಗೆ ತಾನಾಗಿ ಆದರೆ ಬೇಗ ಎದ್ದು ಓಡಾಡಬಹುದು, ಆದರೆ ನೋವು ಎಷ್ಟು ಹೊತ್ತು ಅಂತ ಮೊದಲೇ ಹೇಳಲಾಗದು ಅಂದರು. “ಎರಡರಲ್ಲೂ ಗ್ಯಾರಂಟಿ ಅಂತ ನಾನು ಬರ್ಕೊಡಲ್ಲಮ್ಮ. ನಿಮ್ಮ ಕೈಲಿ ಯಾವುದು ತಡ್ಕೊಳ್ಳೋಕಾಗುತ್ತೆ ನೋಡಿ.” ಅತ್ತಿಗೆ “ಮನೇಲಿ ಕೇಳಿ ಹೇಳ್ತೀನಿ” ಅಂದಾಗ, “ಕೇಳಿ. ಆದ್ರೆ ಬಂದು ಹೇಳೋದು ನೀವು,” ಅಂದರು.

ಅವರು ಯಾಕೆ ಹಾಗೆ ಒತ್ತಿ ಹೇಳಿದರೆಂದರೆ, ಹಳೆಯ ಕಾಗದ ಅವರ ಮುಂದೆ ಇತ್ತು. ನಮ್ಮ ಮನೆಯಲ್ಲಿ ಅದರ ಮಾತು ಯಾರೂ ಆಡುವುದಿಲ್ಲ, ಆದ್ದರಿಂದ ನಾನೇ ಹೇಳಬೇಕು.

ಎರಡು ವರ್ಷದ ಹಿಂದೆ ಅತ್ತಿಗೆಗೆ ಮೊದಲ ಬಸಿರು ಮೂವತ್ತೆಂಟನೇ ವಾರದಲ್ಲಿತ್ತು. ಒಂದು ಮಂಗಳವಾರ ಅವಳು ಮಷಿನ್ ನಿಲ್ಲಿಸಿ, “ಅತ್ತೆ, ಬೆಳಗ್ಗೆಯಿಂದ ಮಗು ಅಷ್ಟಾಗಿ ಆಡ್ತಿಲ್ಲ,” ಅಂದಳು. “ದಿನ ಹತ್ತಿರ ಬಂತಲ್ಲ, ಒಳಗೆ ಜಾಗ ಸಾಲಲ್ಲ, ಸುಮ್ಮನಿರುತ್ತೆ,” ಅಂದಳು ಅಮ್ಮ. ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ಅವಳಿಗೆ ಅವಳ ಅತ್ತೆ ಹೇಳಿದ್ದನ್ನೇ ಇವಳಿಗೆ ಹೇಳಿದಳು. ಅಣ್ಣ ತೋಳು ಹೊಲಿಯುತ್ತಲೇ, “ಶನಿವಾರ ಅರ್ಜೆಂಟಪ್ಪಂಗೆ ಸ್ಕರ್ಟ್ ಕೊಟ್ಬಿಟ್ರೆ ಬಿಡುವಾಗುತ್ತೆ, ಸೀದಾ ಆಸ್ಪತ್ರೆಗೇ ಹೋಗೋಣ,” ಅಂದ.

ಅರ್ಜೆಂಟಪ್ಪ ಅಂದರೆ ಶಾಲೆಗಳಿಗೆ ಬಟ್ಟೆ ಒದಗಿಸುವ ಗುತ್ತಿಗೆದಾರ. ಹೊಸ್ತಿಲು ದಾಟುವ ಮೊದಲೇ “ಅರ್ಜೆಂಟ್ ಕಣಪ್ಪಾ” ಅನ್ನುತ್ತಾನೆಂದು ಅಪ್ಪ ಇಟ್ಟ ಹೆಸರು. ಆ ಸಲ ಇನ್ನೂರು ಸ್ಕರ್ಟು, ಎಲ್ಲಕ್ಕೂ ಅತ್ತಿಗೆಯೇ ನೆರಿಗೆ ಹಿಡಿಯಬೇಕು. ಅವಳು ಬುಧವಾರವೂ ಹೇಳಿದಳು. ಗುರುವಾರವೂ ಹೇಳಿದಳು. ಶುಕ್ರವಾರ ಹೇಳಲಿಲ್ಲ. ಶನಿವಾರ ಮಧ್ಯಾಹ್ನ ಸ್ಕರ್ಟಿನ ಕಟ್ಟುಗಳು ಹೊರಟ ಮೇಲೆ ಅಣ್ಣ, ಅತ್ತಿಗೆ ಆಸ್ಪತ್ರೆಗೆ ಹೊರಟರು. ಮಗುವಿನ ಎದೆಬಡಿತ ಸಿಗಲಿಲ್ಲ. ಔಷಧ ಕೊಟ್ಟು ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು ಮಗು. ಮಂಗಳವಾರವೇ ಬಂದಿದ್ದರೆ ಉಳಿಯುತ್ತಿತ್ತೋ ಇಲ್ಲವೋ ಹೇಳಲಾಗದು ಅಂದರಂತೆ ಡಾಕ್ಟರು. ನಮ್ಮ ಮನೆಯವರು ಆ ಮಾತಿನಲ್ಲಿ ತಮಗೆ ಬೇಕಾದ ಅರ್ಧವನ್ನು ಇಟ್ಟುಕೊಂಡು ಉಳಿದರ್ಧವನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದರು. ಆಗ ನಾನು ಅತ್ತಿಗೆಯ ಪಕ್ಕದ ಮಷಿನ್‌ನಲ್ಲಿ ಕೂತಿದ್ದೆ. ಮೂರು ದಿನವೂ ಅವಳು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಡಾಕ್ಟ್ರಮ್ಮ ಒಂದು ವಾರ ಟೈಮು ಕೊಟ್ಟಿದ್ದರು. ಆ ವಾರ ಅತ್ತಿಗೆ ಅನ್ನ ಬಸಿಯುವಾಗ, ಬಟ್ಟೆ ಹಿಂಡುವಾಗ ಒಳಗೊಳಗೇ ತೂಗುತ್ತಿದ್ದಳು. ಒಮ್ಮೆ ಪಾತ್ರೆ ತೊಳೆಯುತ್ತಾ ತಾನಾಗಿಯೇ ಬಾಯಿಬಿಟ್ಟಳು.

“ನಾರ್ಮಲ್ ಆದ್ರೆ ಬೇಗ ಏಳ್ತೀನಿ, ಗೊತ್ತು. ಮಗೂನ ಎತ್ಕೊಂಡು ಆ ದಿನವೇ ಓಡಾಡ್ಬಹುದು. ನನಗೂ ಆಸೆ ಇಲ್ಲ ಅಂತಲ್ಲ ಪುಟ್ಟಿ.”

“ಮತ್ತೆ?”

“ಹನ್ನೊಂದು ಗಂಟೆ ನೋವು ತಿಂದೆ. ಪಕ್ಕದ ಹಾಸಿಗೆಯವಳೂ ತಿಂತಿದ್ಲು. ಅವಳ ಕಡೆ ಮಗು ಅತ್ತಿತು. ನನ್ನ ಕಡೆ ಅತ್ತಿದ್ದು ನಾನೊಬ್ಬಳೇ. ಆ ಕೋಣೇಲಿ ಇನ್ನೊಂದ್ಸಲ ಮಲಗಿ, ಏನಾಗುತ್ತೋ ಅಂತ ಕಾಯೋಕೆ ನನ್ನ ಕೈಲಾಗಲ್ಲ.”

“ಆಪರೇಷನ್ ಅಂದ್ರೆ ಹೆದರಿಕೆ ಇಲ್ವಾ?”

“ಇದೆ. ಆದ್ರೆ ಇಷ್ಟು ಹೊತ್ತಿಗೆ ಶುರು, ಇಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಯಾರೋ ಒಬ್ರು ಹೇಳ್ತಾರಲ್ಲ.” ಅವಳು ಬಾಣಲೆಯ ತಳ ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿದಳು. ಅದು ಹೊಳೆದದ್ದು ನಾನು ನೋಡಿದ್ದು ಅದೇ ಮೊದಲು.

ಮರುವಾರ ಹೋಗಿ ಹೇಳಿ ಬಂದಳು. ಮೂವತ್ತೆಂಟು ವಾರ ತುಂಬಿದ ಮೇಲಿನ ಸೋಮವಾರ ಬೆಳಗ್ಗೆ ಅಂತ ಡಾಕ್ಟ್ರಮ್ಮ ಚೀಟಿಯಲ್ಲಿ ಬರೆದರು. ಆ ದಿನಕ್ಕೆ ಇನ್ನೂ ಹನ್ನೊಂದು ದಿನವಿತ್ತು.

“ಹೊಟ್ಟೆ ಕೊಯ್ಸಿಕೊಳ್ತೀನಿ ಅಂತ ನೀನೇ ಹೋಗಿ ಕೇಳ್ಕೊಂಡು ಬಂದ್ಯಾ?” ಅಂದಳು ಅಮ್ಮ. “ನನ್ನ ತಂಗೀನ ನೋಡಿದ್ಯಲ್ಲ. ಕೊಯ್ಸಿಕೊಂಡ ಮೇಲೆ ಐದು ವರ್ಷ ಸೊಂಟ ಹಿಡ್ಕೊಂಡೇ ಓಡಾಡಿದ್ಲು. ಒಂದು ಬಿಂದಿಗೆ ನೀರು ಎತ್ತೋಕಾಗ್ತಿರಲಿಲ್ಲ. ಅವಳ ಗಂಡ ಅವಳಿಗೆ ಇಟ್ಟ ಹೆಸರೇ ಒಡಕು ಮಡಕೆ.”

“ಅದು ಆಪರೇಷನ್ ತಪ್ಪಲ್ಲ ಅತ್ತೆ, ಆ ಗಂಡನ ತಪ್ಪು.”

“ಮಾತು ಚೆನ್ನಾಗಿ ಕಲ್ತಿದ್ದೀಯ.”

ಅಪ್ಪ ಮೇಜಿನ ಆ ಕಡೆಯಿಂದ, “ಅಳತೆ ಸರಿಯಾಗಿದ್ರೆ ಕತ್ತರಿಗೆ ಯಾಕೆ ಹೆದರ್ಬೇಕು?” ಅಂದ.

“ನೀವು ಬಾಯಿ ಮುಚ್ಕೊಂಡು ನಿಮ್ಮ ಕತ್ತರಿ ಹಿಡೀರಿ.”

ಅಣ್ಣನದು ಬೇರೆ ಚಿಂತೆ. ಅರ್ಜೆಂಟಪ್ಪನ ನಾನೂರು ಶರ್ಟು ಕೈಯಲ್ಲಿತ್ತು. ಆ ಸೋಮವಾರದ ನಂತರದ ಶನಿವಾರ ಬೇಕೇ ಬೇಕು ಅಂದಿದ್ದ. “ನೀನು ಸೋಮವಾರ ಹೋಗ್ಬಿಟ್ರೆ ಉಳಿದ ಕಾಲರ್ ಯಾರು ಕೂರಿಸ್ತಾರೆ?”

“ಅಷ್ಟರೊಳಗೆ ಎಷ್ಟಾಗುತ್ತೋ ಅಷ್ಟು ಕೂರಿಸ್ತೀನಿ. ಉಳಿದಿದ್ದಕ್ಕೆ ಅರ್ಜೆಂಟಪ್ಪನ ಹತ್ರ ನಾಲ್ಕು ದಿನ ಕೇಳಿ.”

“ಅವನ ಹತ್ರ ಟೈಮ್ ಕೇಳಿದ್ರೆ ಮುಂದಿನ ವರ್ಷ ಈ ಕಡೆ ತಲೆ ಹಾಕಲ್ಲ,” ಅಂದ ಅಣ್ಣ. ಕೈಯಲ್ಲಿದ್ದ ತೋಳಿನ ದಾರ ಕತ್ತರಿಸಿ, “ಆಯ್ತು ಬಿಡು. ನಿನ್ನಿಷ್ಟ,” ಅಂದ.

ನಿನ್ನಿಷ್ಟ ಅಂದ. ಅದನ್ನು ನಾವೆಲ್ಲ ಕೇಳಿಸಿಕೊಂಡೆವು.

ಮರುದಿನದಿಂದ ಅತ್ತಿಗೆಯ ತಟ್ಟೆಗೆ ಎರಡನೇ ಮೊಟ್ಟೆ ಬೀಳುವುದು ನಿಂತಿತು. ಅಮ್ಮ ಬಡಿಸುವಾಗ ಅವಳ ಮುಖ ನೋಡುತ್ತಿರಲಿಲ್ಲ. ಅಪ್ಪ ತನ್ನ ಮೊಟ್ಟೆಯನ್ನು ಅವಳ ತಟ್ಟೆಗೆ ಜಾರಿಸಿ, “ನನಗೆ ಇವತ್ತು ಬೇಡ,” ಅಂದ. ಅದರ ಮಾರನೆಯ ದಿನವೂ ಅವನಿಗೆ ಬೇಡವಾಗಿತ್ತು. ಅತ್ತಿಗೆ ದಿನಕ್ಕೆ ಮೂವತ್ತೈದು ಕಾಲರ್ ಕೂರಿಸಿದಳು. ಹೊಟ್ಟೆ ಮಷಿನ್‌ಗೆ ತಾಗದಂತೆ ಕುರ್ಚಿ ಹಿಂದಕ್ಕೆ ಎಳೆದು, ಕೈ ಉದ್ದ ಚಾಚಿ ಹೊಲಿಯುತ್ತಿದ್ದಳು. ಬೆನ್ನು ನೋಯುತ್ತಿದ್ದಿರಬೇಕು. ಹೇಳಲಿಲ್ಲ.

ಮಂಗಳವಾರ ಸಂಜೆ ಚಹಾ ಆದ ಮೇಲೆ ನಾನು ಶರ್ಟುಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ತಂತಿಯ ಮೇಲೆ ಸಾಲಾಗಿ ನೇತುಹಾಕಿದ ಶರ್ಟುಗಳ ಹಿಂದೆ ಇದ್ದೆನಾದ್ದರಿಂದ ಬಾಗಿಲ ಬಳಿ ನಿಂತ ಅಣ್ಣನಿಗೆ ಕಾಣಿಸುತ್ತಿರಲಿಲ್ಲ. ಅವನು ಫೋನಿನಲ್ಲಿದ್ದ.

“ಹಲೋ, ಆಸ್ಪತ್ರೇನಾ? ನಮ್ಮ ಮನೆಯವರಿಗೆ ಸೋಮವಾರ ಆಪರೇಷನ್ ಬರೆದಿದ್ದೀರಲ್ಲ… ಹಾಂ, ಅದೇ. ಅದನ್ನ ಒಂದು ವಾರ ಮುಂದಕ್ಕೆ ಹಾಕ್ಕೊಳ್ಳಿ. ಅದರ ಮುಂದಿನ ಸೋಮವಾರ… ಇಲ್ಲ ಇಲ್ಲ, ತೊಂದರೆ ಏನಿಲ್ಲ… ಹೂಂ, ಅವರಿಗೂ ಗೊತ್ತು. ಅವರೇ ಹೇಳಿದ್ದು. ಥ್ಯಾಂಕ್ಸ್ ಮೇಡಂ.”

ಗಿರಾಕಿಗೆ ಹೇಳುವಾಗಿನ ದನಿಯೇ. ಅದೇ ನಗು, ಅದೇ ಸಲೀಸು. ಫೋನ್ ಜೇಬಿಗೆ ಹಾಕಿ ತೋಳು ಹೊಲಿಯಲು ಕೂತ. ನನ್ನ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಒಂದು ಶರ್ಟಿನ ಬೆನ್ನ ಮೇಲೆ ಹಳದಿ ಗುರುತು ಮಾಡಿತು. ಅದಕ್ಕೆ ಅಮ್ಮನಿಂದ ಬೈಸಿಕೊಂಡೆ.

ಎರಡು ದಿನ ಆ ಮಾತನ್ನು ಇಟ್ಟುಕೊಂಡೇ ಇದ್ದೆ. ಹೇಳಿದರೆ ಮನೆ ರಣರಂಗವಾಗುತ್ತದೆ. ಹೇಳದಿದ್ದರೆ? ಗುರುವಾರ ಮಧ್ಯಾಹ್ನ ಅತ್ತಿಗೆ ಆಸ್ಪತ್ರೆಗೆ ಒಯ್ಯಲು ಮೆತ್ತನೆಯ ಹಳೆಯ ಬಟ್ಟೆಗಳನ್ನು ಚೌಕವಾಗಿ ಕತ್ತರಿಸುತ್ತಿದ್ದಳು. ಅದು ನೋಡಿ ನನಗೆ ತಡೆಯಲಾಗಲಿಲ್ಲ. ಕಿವಿಯಲ್ಲಿ ಹೇಳಿದೆ.

ಅವಳು ಕತ್ತರಿಯನ್ನು ಕೆಳಗಿಟ್ಟಳು. ಮುಂದಿನ ಕೋಣೆಗೆ ಹೋಗಿ ಅಣ್ಣನ ಮಷಿನ್ ಎದುರು ನಿಂತಳು.

“ರೀ, ಆಸ್ಪತ್ರೆಗೆ ಫೋನ್ ಮಾಡಿದ್ರಾ?”

ಅಣ್ಣ ಮೊದಲು ನನ್ನನ್ನು ನೋಡಿದ. “ಯಾರು ಹೇಳಿದ್ರು?”

“ಮಾಡಿದ್ರಾ ಇಲ್ವಾ?”

“ಒಂದೇ ವಾರ ಕಣೇ. ನಾನೇನು ಬೇಡ ಅಂದ್ನಾ? ಶನಿವಾರ ಶರ್ಟ್ ಕೊಟ್ಬಿಟ್ರೆ ಸೋಮವಾರ ನೆಮ್ಮದಿಯಾಗಿ—”

“ನನ್ನ ಹೊಟ್ಟೆನೂ ಗಿರಾಕಿ ಬಟ್ಟೆ ಅಂದ್ಕೊಂಡ್ರಾ? ಬರೋ ವಾರ ಬನ್ನಿ ಅಂತ ಹೇಳಿ ಕಳಿಸೋಕೆ?”

“ಕೂಗಬೇಡ, ಬೀದಿಗೆ ಕೇಳುತ್ತೆ.”

“ಕೇಳ್ಲಿ. ಹೋದ ಸಲಾನೂ ಶನಿವಾರಾನೇ ಅಂದ್ರಿ.”

ನಾಲ್ಕು ಮಷಿನ್‌ಗಳೂ ನಿಂತಿದ್ದವು. ಅಮ್ಮ ಸೂಜಿಗೆ ದಾರ ಪೋಣಿಸುವವಳಂತೆ ತಲೆ ತಗ್ಗಿಸಿ, “ಹಳೇದೆಲ್ಲಾ ಈಗ್ಯಾಕೆ ಕೆದಕ್ತೀಯ?” ಅಂದಳು.

“ನಾನು ಕೆದಕ್ತಿಲ್ಲ ಅತ್ತೆ. ನೀವು ಅದನ್ನೇ ಮತ್ತೆ ಮಾಡ್ತಿದ್ದೀರಿ.”

“ಅಂದ್ರೆ? ನಾವೇ ಕೊಂದ್ವಿ ಅಂತೀಯಾ?”

“ಎರಡು ವರ್ಷದಲ್ಲಿ ಹಾಗಂತ ಒಂದು ದಿನಾನೂ ನನ್ನ ಬಾಯಲ್ಲಿ ಬಂದಿಲ್ಲ. ಈಗ ಅಂದಿದ್ದು ನೀವು.”

ಅಮ್ಮನ ಮುಖ ಕಪ್ಪಿಟ್ಟಿತು. ಅತ್ತಿಗೆಯ ಮೇಲೆ ತಿರುಗಲಾಗದೆ ನನ್ನ ಮೇಲೆ ತಿರುಗಿದಳು. “ಗಂಡ ಹೆಂಡ್ತಿ ಮಧ್ಯೆ ನಿಂದೇನೇ ಉಸಾಬರಿ? ಬಾಯಿಲ್ಲದ ಹುಡುಗಿ ಅಂದ್ಕೊಂಡಿದ್ದೆ.”

“ಬಾಯಿದೆ,” ಅಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ. ಆದರೆ ಅಪ್ಪನಿಗೆ ಕೇಳಿಸಿರಬೇಕು, ತಲೆಯೆತ್ತಿ ನೋಡಿದ.

ಅತ್ತಿಗೆ ತನ್ನ ಮಷಿನ್‌ನಲ್ಲಿ ಅರ್ಧ ಹೊಲಿದು ನಿಂತಿದ್ದ ಕಾಲರನ್ನು ಎಳೆದು ತೆಗೆದು, ದಾರ ಕತ್ತರಿಸಿ, ಉಳಿದ ಕಾಲರ್‌ಗಳ ಕಟ್ಟನ್ನೆಲ್ಲ ಅಣ್ಣನ ಮಡಿಲಿಗೆ ಹಾಕಿದಳು. “ಇನ್ನು ಇದನ್ನ ನೀವೇ ಕೂರಿಸ್ಕೊಳ್ಳಿ.”

ಶುಕ್ರವಾರ ಬೆಳಗ್ಗೆ ನಾವಿಬ್ಬರೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದೆವು. ಗಾಜಿನ ಹಿಂದೆ ಕೂತ ಹೆಂಗಸು ಪುಸ್ತಕ ತಿರುವಿ, “ನಿಮ್ಮದು ಬದಲಾಗಿದೆಯಲ್ಲಮ್ಮ, ನಿಮ್ಮ ಯಜಮಾನ್ರು ಫೋನ್ ಮಾಡಿದ್ರು,” ಅಂದಳು.

“ನಾನು ಬದಲಾಯಿಸಿ ಅಂದಿಲ್ಲ.”

“ಮನೆಯವರು ಹೇಳಿದ್ರೆ ನಾವು ಬರ್ಕೊಳ್ತೀವಿ.”

“ಅವರ ಹೊಟ್ಟೆ ಕೊಯ್ಯೋದಾದ್ರೆ ಬರ್ಕೊಳ್ಳಿ,” ಅಂದಳು ಅತ್ತಿಗೆ. ಸಾಲಿನಲ್ಲಿ ನಿಂತಿದ್ದವರು ಯಾರೋ ಕಿಸಕ್ಕೆಂದರು. ಆ ಹೆಂಗಸು ನಗಲಿಲ್ಲ. ಸೋಮವಾರದ ಜಾಗ ಬೇರೊಬ್ಬರಿಗೆ ಹೋಗಿಯಾಗಿದೆ ಅಂದಳು.

ಡಾಕ್ಟ್ರಮ್ಮನ ಬಾಗಿಲಲ್ಲಿ ಎರಡೂವರೆ ಗಂಟೆ ಕಾದೆವು. ವಿಷಯ ಕೇಳಿ ಅವರು ಪೆನ್ನು ಮೇಜಿನ ಮೇಲೆ ಕುಕ್ಕಿದರು. ಗಾಜಿನ ಹಿಂದಿನವಳನ್ನು ಕರೆಸಿ, “ಇವರೇ ಬಂದು ಹೇಳದೆ ಇವರ ಹೆಸರಿನ ಮೇಲೆ ಪೆನ್ನು ಆಡಿಸ್ಬೇಡಿ. ಗಂಡ ಅಲ್ಲ, ಗಂಡನ ತಾತ ಫೋನ್ ಮಾಡಿದ್ರೂ ಅಷ್ಟೆ,” ಅಂದರು. ಅತ್ತಿಗೆಯನ್ನು ಮಲಗಿಸಿ ಎದೆಬಡಿತ ಕೇಳಿಸಿದರು. ಚಕಚಕ, ಚಕಚಕ ಅಂತ ಕೋಣೆ ತುಂಬ ಓಡಿತು. ಅತ್ತಿಗೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಸಿಸ್ಟರ್ ಯಂತ್ರ ಆರಿಸಲು ಹೋದಾಗ “ಇನ್ನೂ ಸ್ವಲ್ಪ ಹೊತ್ತು ಇರ್ಲಿ,” ಅಂದಳು.

ಮಂಗಳವಾರ ಬೆಳಗ್ಗೆ ಎಂದಾಯಿತು. ಅಲ್ಲಿಯವರೆಗೆ ದಿನ ಬಿಟ್ಟು ದಿನ ಬಂದು ಎದೆಬಡಿತ ನೋಡಿಸಿಕೊಳ್ಳಬೇಕು, ಮಗು ಆಡುವುದು ಕಡಿಮೆ ಅನ್ನಿಸಿದರೆ ಆ ಕ್ಷಣವೇ ಹೊರಡಬೇಕು, ಯಾರನ್ನೂ ಕೇಳಬಾರದು ಅಂದರು. ಒಪ್ಪಿಗೆಯ ಕಾಗದ ಮುಂದಿಟ್ಟಾಗ ಅತ್ತಿಗೆ ಹಿಂಜರಿದಳು.

“ನಮ್ಮ ಮನೆಯವರು ಬಂದಿಲ್ಲ. ಅವರ ಸಹಿ…”

“ನಿಮ್ಮದು ಸಾಕು,” ಅಂದರು ಸಿಸ್ಟರ್.

“ನನ್ನದೊಂದೇ?”

“ನಿಮ್ಮದೊಂದೇ.”

ಅವಳು ನನ್ನ ಕಡೆ ತಿರುಗಿ ನೋಡಿದಳು. ಹದಿನೈದು ದಿನದಿಂದ ಮನೆಯಲ್ಲಿ ತಟ್ಟೆ, ಲೋಟ, ಮೊಟ್ಟೆ, ಮೌನ ಎಲ್ಲದರಲ್ಲೂ ಜಗಳ ನಡೆದಿತ್ತು. ಆ ಜಗಳ ಆಡಿದ ಯಾರ ಸಹಿಯೂ ಈ ಕಾಗದಕ್ಕೆ ಬೇಕಿರಲಿಲ್ಲ. ಅವಳು ತನ್ನ ಹೆಸರನ್ನು ನಿಧಾನವಾಗಿ, ಪೂರ್ತಿಯಾಗಿ ಬರೆದಳು.

ಮಂಗಳವಾರ ಎಲ್ಲರೂ ಬಂದರು. ಬರಲಿಲ್ಲ ಅಂತ ನಾನು ಸುಳ್ಳು ಹೇಳಲಾರೆ. ಅಣ್ಣ ಕೊರಳಲ್ಲಿ ಅಳತೆಯ ಟೇಪು ತೆಗೆಯುವುದನ್ನೂ ಮರೆತು ಬಂದಿದ್ದ. ಅದರ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದ. ಅಮ್ಮ ಫ್ಲಾಸ್ಕಿನಲ್ಲಿ ಬಿಸಿನೀರು ತಂದಿದ್ದಳು, ಅದರ ಮುಚ್ಚಳ ಸರಿಯಾಗಿದೆಯೋ ಇಲ್ಲವೋ ಅಂತ ಹತ್ತು ಸಲ ನೋಡಿದಳು. ಅತ್ತಿಗೆಯನ್ನು ಒಳಗೆ ಕರೆದೊಯ್ದ ಮುಕ್ಕಾಲು ಗಂಟೆಗೆ ಅಳು ಕೇಳಿಸಿತು. ಗಟ್ಟಿಯಾಗಿ, ಸಿಟ್ಟಿನಿಂದ. ಗಂಡು ಮಗು, ಎರಡೂ ಮುಕ್ಕಾಲು ಕಿಲೋ. ಅಪ್ಪ ಗೋಡೆಯ ಕಡೆ ತಿರುಗಿ ನಿಂತ. ಅಣ್ಣ ಅತ್ತ.

ನನಗೂ ಅಳು ಬಂತು. ಆದರೆ ಅಮ್ಮ ಮಗುವನ್ನು ಕೈಗೆ ತೆಗೆದುಕೊಂಡು ಮೊದಲು ಆಡಿದ ಮಾತು ಕೇಳಿ ನನ್ನ ಅಳು ಅಲ್ಲೇ ಇಂಗಿತು.

“ನೋಡಿದ್ರಾ? ಏನೂ ಆಗ್ಲಿಲ್ಲ. ಇಷ್ಟಕ್ಕೆ ಮನೇಲಿ ಎಂಥಾ ರಂಪ!”

ಏನೂ ಆಗಲಿಲ್ಲ, ಯಾಕೆಂದರೆ ಅತ್ತಿಗೆ ಬಸ್ಸು ಹತ್ತಿ ಹೋದಳು. ಇದನ್ನು ನಾನು ಜೋರಾಗಿ ಹೇಳಬೇಕಿತ್ತು. ಹೇಳಲಿಲ್ಲ.

ಆರನೇ ದಿನ ಮನೆಗೆ ಕರೆತಂದೆವು. ಅತ್ತಿಗೆ ಗೋಡೆ ಹಿಡಿದು ನಡೆಯುತ್ತಿದ್ದಳು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳುತ್ತಿದ್ದಳು. ಮಗುವಿನ ಬಟ್ಟೆಯೆಲ್ಲ ಅಮ್ಮನೇ ಒಗೆದಳು. ಮಗು ಬಾಯಿ ತೆರೆದರೆ ಸಾಕು, ಸೂಜಿ ಬಟ್ಟೆಯಲ್ಲೇ ಬಿಟ್ಟು ಎದ್ದು ಬರುತ್ತಿದ್ದಳು. ಮೊಮ್ಮಗನ ಮೇಲೆ ಅವಳಿಗೆ ಪ್ರಾಣ. ಆದರೆ ಒಂಬತ್ತನೇ ದಿನ, “ಮಷಿನ್ ತುಳೀಬೇಡ ಅಂದ್ರು ಸರಿ. ಕೂತ್ಕೊಂಡು ಕಾಲರ್ ತಿರುವೋಕೇನು ಕಷ್ಟ?” ಅಂದಳು. ಅತ್ತಿಗೆ ಗೋಡೆಯ ಕಡೆ ತಿರುಗಿ ಕೂತು ಮಗುವಿಗೆ ಹಾಲು ಕುಡಿಸಿದಳು.

ಅತ್ತಿಗೆ ಆಸ್ಪತ್ರೆಯಲ್ಲಿದ್ದಾಗಲೇ ಆ ಶನಿವಾರ ಬಂದಿತ್ತು. ಅಣ್ಣ, ಅಮ್ಮ ಸೇರಿ ಹೆಣಗಿದರೂ ಮೂವತ್ತೊಂದು ಶರ್ಟಿಗೆ ಕಾಲರ್ ಕೂತಿರಲಿಲ್ಲ, ಕೂತವುಗಳಲ್ಲೂ ಅರ್ಧ ಸೊಟ್ಟ. ಅಣ್ಣ ಬೆಳಗ್ಗೆಯಿಂದ ಬಾಗಿಲು ನೋಡುತ್ತಾ, ಅರ್ಜೆಂಟಪ್ಪನಿಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದ. ಅರ್ಜೆಂಟಪ್ಪ ಬರಲಿಲ್ಲ. ಭಾನುವಾರವೂ ಇಲ್ಲ, ಸೋಮವಾರವೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಬೇರೆ ಟೈಲರನ್ನು ಹಿಡಿದುಬಿಟ್ಟ ಅಂತ ಅಮ್ಮ ಅತ್ತಿಗೆಗೆ ಕೇಳುವಂತೆ ಹೇಳಿದಳು.

ಅದರ ಮುಂದಿನ ಸೋಮವಾರ ಬೆಳಗ್ಗೆ ಅವನು ಬಂದ. ಕಡ್ಡಿಯಿಂದ ಹಲ್ಲಿನ ಸಂದಿ ಕೆದಕುತ್ತಾ, ಆರಾಮವಾಗಿ ಒಳಗೆ ಬಂದು ಮೇಜಿಗೆ ಒರಗಿ ನಿಂತ. ಅಣ್ಣ ಎದ್ದು ನಿಂತು ಪಾಠ ಒಪ್ಪಿಸಿದ.

“ಸಾರ್, ಮನೇಲಿ ಆಪರೇಷನ್ ಆಯ್ತು, ಕೆಲಸ ಮಾಡೋ ಕೈ ಒಂದು ಕಡಿಮೆ ಆಯ್ತು. ಮೂವತ್ತೊಂದು ಪೀಸ್ ಬಾಕಿ ಇದೆ. ಕೋಪ ಮಾಡ್ಕೋಬೇಡಿ.”

“ಅಯ್ಯೋ, ಇರ್ಲಿ ಬಿಡಪ್ಪಾ. ನಿಧಾನಕ್ಕೆ ಮಾಡ್ಕೊಡು. ಶಾಲೆ ತೆರೆಯೋಕೆ ಇನ್ನೂ ಇಪ್ಪತ್ತು ದಿನ ಇದೆ.”

“ಇಪ್ಪತ್ತು ದಿನ?” ಅಂದ ಅಣ್ಣ. “ಶನಿವಾರ ಬೇಕೇ ಬೇಕು ಅಂದಿದ್ರಲ್ಲ?”

ಅರ್ಜೆಂಟಪ್ಪ ಹೊಟ್ಟೆ ಕುಲುಕಿಸಿ ನಕ್ಕ. “ಟೈಲರಿಗೆ ನಿಜವಾದ ತಾರೀಖು ಹೇಳಿದವನು ಬರಿಮೈಲಿ ನಿಲ್ಬೇಕಾಗುತ್ತೆ ಕಣಪ್ಪಾ! ನೀವು ಬರೋ ವಾರ ಬನ್ನಿ, ಬರೋ ವಾರ ಬನ್ನಿ ಅಂತೀರಿ. ಅದಕ್ಕೇ ನಾನು ಒಂದು ತಿಂಗಳು ಮೊದಲೇ ಬೇಕು ಅಂತ ಹೇಳಿಬಿಡ್ತೀನಿ. ಇವತ್ತಿಂದಲ್ಲ, ನಿಮ್ಮಪ್ಪನ ಕಾಲದಿಂದಲೂ ನಂದು ಅದೇ. ನಿಮಗೂ ಗೊತ್ತಿರುತ್ತೆ ಅಂದ್ಕೊಂಡಿದ್ದೆ.”

ಅಣ್ಣನೂ ನಕ್ಕ. ತಪ್ಪಿಸಿಕೊಂಡವನ ನಗು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ಅಬ್ಬಾ, ಎಷ್ಟು ಹೆದರಿಸಿಬಿಟ್ರಿ,” ಅಂದಳು. ಅಪ್ಪನ ಕತ್ತರಿ ಮಾತ್ರ ಬಟ್ಟೆಯ ನಡುವೆ ಬಾಯಿ ತೆರೆದುಕೊಂಡೇ ನಿಂತಿತ್ತು.

ಒಳಕೋಣೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಯಾವಾಗ ಎದ್ದು ಬಂದಳೋ ಗೊತ್ತಿಲ್ಲ. ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು. ಒಂದು ಕೈ ಮಗುವಿನ ಬೆನ್ನ ಮೇಲೆ, ಇನ್ನೊಂದು ಬಾಗಿಲ ಚೌಕಟ್ಟಿನ ಮೇಲೆ.

“ಸಾರ್,” ಅಂದಳು.

“ಓಹೋ, ಬಾಣಂತಿ! ಚೆನ್ನಾಗಿದ್ದೀಯೇನಮ್ಮ? ಮಗು ಗುಂಡುಗುಂಡಾಗಿದೆ.”

“ಎರಡು ವರ್ಷದ ಹಿಂದೆ ನಮ್ಮ ಹತ್ರ ಇನ್ನೂರು ಸ್ಕರ್ಟು ಹೊಲಿಸಿದ್ರಿ. ನೀಲಿ ಬಣ್ಣದ್ದು, ಎಂಟು ನೆರಿಗೆಯದ್ದು. ಶನಿವಾರ ಬೇಕೇ ಬೇಕು ಅಂದಿದ್ರಿ. ಅದು ನಿಮಗೆ ನಿಜವಾಗಿ ಯಾವತ್ತು ಬೇಕಾಗಿತ್ತು?”

ಅರ್ಜೆಂಟಪ್ಪ ಮೊದಲು ನೆನಪು ಮಾಡಿಕೊಳ್ಳುವವನಂತೆ ಸೂರು ನೋಡಿದ. ಆಮೇಲೆ ಅಣ್ಣನ ಮುಖ ನೋಡಿದ, ಅಮ್ಮನ ಮುಖ ನೋಡಿದ. ಬಾಯಲ್ಲಿದ್ದ ಕಡ್ಡಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಣ್ಣ ತೋಳಿಲ್ಲದ ಒಂದು ಶರ್ಟನ್ನು ಮಡಿಸತೊಡಗಿದ. ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ.

“ಬೈಯೋದಿಲ್ಲ ಸಾರ್,” ಅಂದಳು ಅತ್ತಿಗೆ. “ಆ ತಾರೀಖು ಮಾತ್ರ ಹೇಳಿ.”